ಓಟ ಕಮ್ಮಿ ಇರುವ ಹುಡುಗ ಫುಟ್‌ಬಾಲ್‌ನಲ್ಲಿ ಫಾರ್ವರ್ಡ್ ಆಡಬಹುದಾ? ಇಂಜಾಗಿ ಆಟ ತೋರಿಸಿ

ಸರ್, ಹದಿನಾಲ್ಕು ವರ್ಷದ ಮಗನಿಗೆ ವೇಗ ಇಲ್ಲ, ಡ್ರಿಬಲಿಂಗ್ ಅಷ್ಟಕ್ಕಷ್ಟೆ, ಮೇಲಿಂದ ಪ್ರತಿ ಮ್ಯಾಚ್‌ನಲ್ಲೂ ಆಫ್‌ಸೈಡ್‌ಗೆ (ಪಾಸ್ ಒದೆಯುವಾಗಲೇ ಎದುರಾಳಿ ಡಿಫೆಂಡರ್‌ಗಳ ಸಾಲು ದಾಟಿ ಮುಂದೆ ಇರುವ ತಪ್ಪಿಗೆ) ಸಿಕ್ಕಿಬೀಳುತ್ತಾನೆ, ಫಾರ್ವರ್ಡ್ ಜಾಗ ಬಿಡಿಸಲಾ ಅಂತ ಕೇಳಿದ್ದೀರಿ. ಈಗಲೇ ಬಿಡಿಸಬೇಡಿ. ನಿಮ್ಮ ಪ್ರಶ್ನೆಗೆ ಇನ್ನೊಬ್ಬರು, ಮಿಂಚಿನ ಓಟದ ಫ್ರಾನ್ಸ್ ಫಾರ್ವರ್ಡ್ ಎಂಬಾಪೆ ವಿಡಿಯೊ ತೋರಿಸಿ ಅಂದಿದ್ದಾರೆ. ಓಟವೇ ಕಮ್ಮಿ ಇರುವ ಹುಡುಗ ಅದನ್ನು ನೋಡಿ ಏನು ಮಾಡಬೇಕು? ಇಟಲಿಯ ಫಿಲಿಪ್ಪೊ ಇಂಜಾಗಿಯನ್ನು ತೋರಿಸಿ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೀನಿ. ಹುಟ್ಟಿದ್ದು 1973ರಲ್ಲಿ, ಪಿಯಾಚೆಂಜಾದಲ್ಲಿ. ಊರಿನ ಕ್ಲಬ್‌ನಲ್ಲೇ ಶುರು. ಲೆಫೆ, ವೆರೋನಾ ಅಂತ ಕೆಳಗಿನ ಡಿವಿಷನ್‌ಗಳಲ್ಲಿ ಆಡಿ ಮೇಲೆ ಬಂದವನು. ಪಾರ್ಮಾದಲ್ಲಿ ಒಂದು ಸೀಸನ್ ಸುಮ್ನೆ ಕಳೆಯಿತು. ಮರುವರ್ಷ, 1996-97ರಲ್ಲಿ, ಅಟಲಾಂಟಾ ಪರ 24 ಗೋಲು ಹೊಡೆದು ಇಟಲಿಯ ಮೊದಲ ದರ್ಜೆ ಲೀಗ್ ಸೀರಿ ಎಗೆ ಟಾಪ್ ಸ್ಕೋರರ್ ಆದ. ಆಮೇಲೆ ಯುವೆಂಟಸ್, 2001ರಿಂದ ನಿವೃತ್ತಿವರೆಗೆ ಮಿಲಾನ್. ಇಟಲಿ ಪರ 57 ಪಂದ್ಯ, 25 ಗೋಲು. ಇವನ ತಮ್ಮ ಸಿಮೋನೆ ಕೂಡ ಫಾರ್ವರ್ಡ್ ಆಗಿದ್ದವನೇ. ಈಗಿನ ಹುಡುಗರಿಗೆ ಕೋಚ್ ಆಗಿ ಅವನೇ ಜಾಸ್ತಿ ಗೊತ್ತು.

ಈ ಮನುಷ್ಯ ನಾಲ್ಕು ಜನರನ್ನು ದಾಟಿ ಗೋಲು ಹೊಡೆದದ್ದು ನೀವು ಹುಡುಕಿದರೂ ಸಿಗೋದು ಕಷ್ಟ. ದೂರದಿಂದ ಗುಂಡಿನಂತೆ ಹೊಡೆಯೋದೂ ಇಲ್ಲ. ಆಫ್‌ಸೈಡ್ ವಿಷಯಕ್ಕಂತೂ ಹೆಸರುವಾಸಿ. ಹುಟ್ಟಿದ್ದೇ ಆಫ್‌ಸೈಡ್‌ನಲ್ಲಿ ಅಂತ ಮ್ಯಾಂಚೆಸ್ಟರ್ ಯುನೈಟೆಡ್ ಕೋಚ್ ಆಗಿದ್ದ ಅಲೆಕ್ಸ್ ಫರ್ಗುಸನ್ ತಮಾಷೆ ಮಾಡಿದ್ದರು. ಪಂದ್ಯದಲ್ಲಿ ಎಷ್ಟು ಸಲ ಆಫ್‌ಸೈಡ್ ಬಾವುಟ ಎದ್ದರೂ ಮತ್ತೆ ಅದೇ ಓಟ ಓಡುತ್ತಿದ್ದ. ಒಂದು ಸಲ ಸರಿಹೋದರೆ ಸಾಕು ಅನ್ನೋ ಲೆಕ್ಕ. ಹಾಗಾಗಿ ನಿಮ್ಮ ಹುಡುಗ ಆಫ್‌ಸೈಡ್ ಆದಾಗ ಬಯ್ಯಬೇಡಿ. ಎಲ್ಲಿಂದ ಹೊರಟ, ಯಾವಾಗ ಹೊರಟ ಅಂತ ಮಾತ್ರ ಕೇಳಿ.

ಮಗನಿಗೆ ಇಂಜಾಗಿಯ ಎರಡು ಗೋಲು ತೋರಿಸಿದರೆ ಸಾಕು. ಮೊದಲನೆಯದು 2007ರಲ್ಲಿ ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಫೈನಲ್, ಅಥೆನ್ಸ್‌ನಲ್ಲಿ, ಲಿವರ್‌ಪೂಲ್ ಎದುರು. ಮಿಲಾನ್ 2-1ರಲ್ಲಿ ಗೆದ್ದಿತು, ಎರಡೂ ಇವನದೇ. ಆ ಪಂದ್ಯದ ಮೊದಲ ಗೋಲು ಜೊತೆಗಾರ ಪಿರ್ಲೊ ಹೊಡೆದ ಫ್ರೀಕಿಕ್ ಇವನ ಮೈಗೆ ತಾಗಿ ಒಳಗೆ ಹೋದದ್ದು, ಅದನ್ನು ಬಿಡಿ. 82ನೇ ನಿಮಿಷದ್ದನ್ನು ನಿಧಾನಕ್ಕೆ ಓಡಿಸಿ ನೋಡಿ. ಚೆಂಡು ಮಿಲಾನ್‌ನ ಕಾಕಾ ಹತ್ತಿರ ಇದೆ. ಇಂಜಾಗಿ ನೆಟ್ಟಗೆ ಗೋಲಿನ ಕಡೆ ನುಗ್ಗುವುದಿಲ್ಲ, ಡಿಫೆಂಡರ್‌ಗಳ ಸಾಲಿಗೆ ಒತ್ತಿಕೊಂಡು ಓರೆಯಾಗಿ ಹೋಗುತ್ತಾನೆ. ಪಾಸ್ ಬರುವ ಹೊತ್ತಿಗೆ ಓಟ ಆಗಲೇ ಶುರುವಾಗಿದೆ, ಆದರೆ ಆ ಸಾಲಿನ ಗೆರೆ ದಾಟಿಲ್ಲ. ಆಮೇಲೆ ಗೋಲ್‌ಕೀಪರ್ ರೈನಾನ ಪಕ್ಕದಿಂದ ಚೆಂಡು ತೆಗೆದುಕೊಂಡು ಹೋಗಿ ಓರೆ ಕೋನದಿಂದ ಒಳಗೆ ಉರುಳಿಸಿದ.

ಎರಡನೆಯದು 2006ರ ವಿಶ್ವಕಪ್‌ನಲ್ಲಿ ಜೆಕ್ ಗಣರಾಜ್ಯದ ಎದುರು. ಜೆಕ್ ತಂಡಕ್ಕೆ ಗೋಲು ಬೇಕೇ ಬೇಕಿತ್ತು, ಹಾಗಾಗಿ ಎಲ್ಲರೂ ಮೇಲೆ ಬಂದಿದ್ದರು. ಇಂಜಾಗಿ ಒಬ್ಬನೇ ಓಡಿ ಅವರ ಗೋಲ್‌ಕೀಪರ್ ಪೀಟರ್ ಚೆಕ್‌ನನ್ನು ದಾಟಿ ಗೋಲು ಹಾಕಿದ. ಪಕ್ಕದಲ್ಲೇ ಇಟಲಿಯವನೇ ಆದ ಬರೋನೆ ಪಾಸ್‌ಗಾಗಿ ಕಾಯುತ್ತಾ ಓಡಿ ಬರುತ್ತಿದ್ದ, ಪಾಪ. ಆ ಸ್ವಾರ್ಥವನ್ನು ಮಾತ್ರ ಮಗನಿಗೆ ಕಲಿಸಬೇಡಿ!

ಈಗ ಅಭ್ಯಾಸಕ್ಕೆ ಬರೋಣ. ಇಬ್ಬರು ಡಿಫೆಂಡರ್, ಒಬ್ಬ ಪಾಸ್ ಕೊಡುವವನು, ನಿಮ್ಮ ಮಗ, ಇಷ್ಟು ಜನ ಸಾಕು. ಮಗ ಡಿಫೆಂಡರ್‌ನ ಬೆನ್ನ ಹಿಂದೆ, ಅವನ ಕಣ್ಣಿಗೆ ಬೀಳದ ಕಡೆ ನಿಲ್ಲಲಿ. ಮೈ ಅಡ್ಡಕ್ಕೆ ತಿರುಗಿರಲಿ, ಚೆಂಡೂ ಕಾಣಬೇಕು, ಗೆರೆಯೂ ಕಾಣಬೇಕು. ಮೊದಲು ಎರಡು ಹೆಜ್ಜೆ ಚೆಂಡಿನ ಕಡೆ ಬರಲಿ. ಡಿಫೆಂಡರ್ ಜೊತೆಗೆ ಬಂದನೋ, ತಕ್ಷಣ ತಿರುಗಿ ಅವನ ಹಿಂದಕ್ಕೆ. ಪಾಸ್ ಕೊಡುವವನು ತಲೆ ಎತ್ತಿ ಕಾಲು ಹಿಂದಕ್ಕೆ ಎಳೆದ ಕ್ಷಣವೇ ಹೊರಡುವ ಹೊತ್ತು. ಆಫ್‌ಸೈಡ್ ಲೆಕ್ಕ ಹಾಕೋದು ಚೆಂಡು ಒದ್ದ ಕ್ಷಣಕ್ಕೆ, ನಿಮಗೆ ಸಿಕ್ಕ ಕ್ಷಣಕ್ಕಲ್ಲ. ಇದು ಬಾಯಲ್ಲಿ ಎಲ್ಲ ಮಕ್ಕಳಿಗೂ ಗೊತ್ತು, ಕಾಲಿಗೆ ಗೊತ್ತಿರಲ್ಲ.

ಇನ್ನೊಂದು ವಿಷಯ. ಇಂಜಾಗಿಗೆ ಹೊತ್ತಿಗೆ ಸರಿಯಾಗಿ ಪಾಸ್ ಕೊಡಲು ಯುವೆಂಟಸ್‌ನಲ್ಲಿ ಜಿದಾನ್ ಇದ್ದ, ಮಿಲಾನ್‌ನಲ್ಲಿ ರೂಯಿ ಕೋಸ್ಟಾ, ಪಿರ್ಲೊ, ಕಾಕಾ ಇದ್ದರು. ನಿಮ್ಮ ತಂಡದ ಮಿಡ್‌ಫೀಲ್ಡರ್ ತಲೆ ಬಗ್ಗಿಸಿಕೊಂಡೇ ಆಡುವವನಾದರೆ ಈ ಓಟವೆಲ್ಲ ದಂಡ. ಆ ಹುಡುಗನನ್ನೂ ಜೊತೆಗೇ ಅಭ್ಯಾಸಕ್ಕೆ ಕರೆಸಿ.

ಜೊತೆಗೆ ಮೊದಲ ಟಚ್ (ಬಂದ ಚೆಂಡನ್ನು ಮೊದಲ ಸಲಕ್ಕೇ ಹತೋಟಿಗೆ ತರೋದು), ಎದುರಾಳಿ ಮೇಲೆ ಒತ್ತಡ ಹಾಕೋದು, ಇವೆರಡನ್ನೂ ಬಿಡಬೇಡಿ. ಈಗಿನ ಕೋಚ್‌ಗಳು ಗೋಲಿನ ಮುಂದಿನ ಬಾಕ್ಸ್‌ನಲ್ಲಿ ಸುಮ್ನೆ ಕಾಯುವವನನ್ನು ಇಷ್ಟಪಡಲ್ಲ. ವೇಗದ ಚಿಂತೆ ಮಾತ್ರ ಕಮ್ಮಿ ಮಾಡಿ. ಮಂಡಿ ಗಾಯದಿಂದ ತಿಂಗಳುಗಟ್ಟಲೆ ಹೊರಗೆ ಕೂತವನು ಇಂಜಾಗಿ. 2012ರ ಮೇನಲ್ಲಿ, 38ನೇ ವಯಸ್ಸಿಗೆ, ಮಿಲಾನ್ ಪರ ಕೊನೆಯ ಪಂದ್ಯದಲ್ಲಿ ಬದಲಿಯಾಗಿ ಬಂದು ನೊವಾರಾ ಎದುರು ಗೆಲುವಿನ ಗೋಲು ಹೊಡೆದ.

ನಿಮ್ಮ ಮ್ಯಾಚ್‌ಗಳಲ್ಲಿ ಆಫ್‌ಸೈಡ್ ನೋಡಿ ಬಾವುಟ ಎತ್ತುವ ಲೈನ್ಸ್‌ಮನ್ ಇರ್ತಾರಾ? ಇಲ್ಲದಿದ್ದರೆ ಒಬ್ಬ ರೆಫರಿ ಹಿಂದಿನಿಂದ ಅಂದಾಜಿಗೆ ಸೀಟಿ ಊದುತ್ತಾರೆ. ಅಂಥ ಕಡೆ ಗೆರೆಗಿಂತ ಒಂದು ಹೆಜ್ಜೆ ಹಿಂದಿನಿಂದಲೇ ಹೊರಡು ಅಂತ ಮಗನಿಗೆ ಹೇಳಿ. ಮ್ಯಾಚ್ ವಿಡಿಯೊ ಇದ್ದರೆ ಇಲ್ಲೇ ಹಾಕಿ, ನೋಡೋಣ.