ಅರವತ್ತು ದಾಟಿದವರ ವಾರೆ ಬೆನ್ನಿಗೆ ಆಪರೇಷನ್: ಕಾಸರಗೋಡಿನಿಂದ ಒಂದು ಉತ್ತರ

ಕುಂಬಳೆ ಹತ್ತಿರದ ನಿಮ್ಮ ಅತ್ತೆಗೆ 68 ವರ್ಷ, ಬೆನ್ನು ಒಂದು ಬದಿಗೆ ವಾಲಿದೆ, ಸ್ಕ್ರೂ ಮತ್ತು ರಾಡ್ ಹಾಕುವ ಆಪರೇಷನ್ ಹೇಳಿದ್ದಾರೆ, ಮಾಡಿಸಬಹುದೇ ಎಂದು ಬೆಂಗಳೂರಿನಿಂದ ಕೇಳಿದ್ದೀರಿ. ಕೇರಳದಲ್ಲಿದ್ದುಕೊಂಡು ಎಲ್ಲದಕ್ಕೂ ಮಂಗಳೂರಿಗೇ ಯಾಕೆ ಓಡುತ್ತೀರಿ ಎಂದೂ ಕೇಳಿದ್ದೀರಿ. ಎರಡನೆಯದನ್ನು ಮೊದಲು ಹೇಳುತ್ತೇನೆ, ಯಾಕೆಂದರೆ ಮೊದಲನೆಯದರ ಉತ್ತರ ಸ್ವಲ್ಪ ಅದರ ಮೇಲೂ ನಿಂತಿದೆ.

1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡದ ಒಂದು ತಾಲೂಕು. ರಾಜ್ಯ ಬದಲಾಯಿತು, ಆಸ್ಪತ್ರೆಯ ದಾರಿ ಬದಲಾಗಲಿಲ್ಲ. ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಐವತ್ತು ಕಿಲೋಮೀಟರ್ ಆಸುಪಾಸು, ಮಂಜೇಶ್ವರದಿಂದ ಅದರ ಅರ್ಧವೂ ಇಲ್ಲ. ಡಾಕ್ಟರ ಹತ್ತಿರ ಕನ್ನಡದಲ್ಲೋ ತುಳುವಿನಲ್ಲೋ ಮಾತಾಡಬಹುದು. ಉಕ್ಕಿನಡ್ಕದಲ್ಲಿ ಸರಕಾರಿ ಮೆಡಿಕಲ್ ಕಾಲೇಜು ಇದ್ದರೂ, ಬೆನ್ನೆಲುಬಿನ ದೊಡ್ಡ ಆಪರೇಷನ್ ಎಂದರೆ ಜನ ಗಡಿಯ ತಲಪಾಡಿ ದಾಟುತ್ತಾರೆ, ಇಲ್ಲವೇ ತೆಂಕು ದಿಕ್ಕಿಗೆ ಪರಿಯಾರಂ, ಕಲ್ಲಿಕೋಟೆ ಕಡೆ ಹೋಗುತ್ತಾರೆ. 2020ರ ಮಾರ್ಚಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಆಂಬುಲೆನ್ಸ್‌ಗಳು ತಲಪಾಡಿಯಲ್ಲೇ ನಿಂತವು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಹಾಗಾಗಿ ಗಡಿಯಾಚೆ ಆಪರೇಷನ್ ಮಾಡಿಸುವವರು ಡಿಸ್ಚಾರ್ಜ್ ಸಮರಿ, ಎಕ್ಸ್‌ರೇ ಮತ್ತು ಎಂಆರ್‌ಐ ಸಿಡಿ, ಜೊತೆಗೆ ಸ್ಕ್ರೂ–ರಾಡಿನ ಕಂಪನಿ ಹೆಸರು, ಅಳತೆ ಇರುವ ಸ್ಟಿಕ್ಕರಿನ ಹಾಳೆ, ಇಷ್ಟನ್ನೂ ಕೇಳಿ ಪಡೆದು ಮನೆಯಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಎಂದಾದರೂ ಬೇರೆ ಆಸ್ಪತ್ರೆಯಲ್ಲಿ ರಾಡ್ ಬದಲಿಸಬೇಕಾಗಿ ಬಂದರೆ ಆ ಸ್ಟಿಕ್ಕರ್ ಇಲ್ಲದೆ ಸರಿಹೊಂದುವ ಸಲಕರಣೆ ಹುಡುಕುವುದೇ ದೊಡ್ಡ ತಲೆನೋವು.

ದುಡ್ಡಿನ ಮಾತೂ ಇಲ್ಲೇ ಮುಗಿಸೋಣ. ಕೇರಳದ ರೇಷನ್ ಕಾರ್ಡಿಗೆ ಕರ್ನಾಟಕ ಸರಕಾರದ ಆರೋಗ್ಯ ಯೋಜನೆ ಅನ್ವಯಿಸುವುದಿಲ್ಲ. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಕಾರ್ಡು (ಕಾಸ್ಪ್) ಇದ್ದರೆ, ಮಂಗಳೂರಿನ ಆ ಆಸ್ಪತ್ರೆ ಅದನ್ನು ಒಪ್ಪುತ್ತದೆಯೇ, ಒಪ್ಪಿದರೂ ಬೆನ್ನಿನ ಈ ಆಪರೇಷನ್ನೂ ಅದರ ಸ್ಕ್ರೂ–ರಾಡೂ ಪ್ಯಾಕೇಜಿನ ಒಳಗೆ ಬರುತ್ತವೆಯೇ ಎಂದು ಅಡ್ಮಿಟ್ ಆಗುವ ಮೊದಲೇ ಕೌಂಟರಿನಲ್ಲಿ ಕೇಳಿ. ಮುಂಗಡ ಅನುಮತಿ ಬಂದ ಮೇಲೆಯೇ ತಾರೀಕು ಗೊತ್ತು ಮಾಡಿ.

ಇನ್ನು ಬೆನ್ನು. ಈ ಪ್ರಾಯದಲ್ಲಿ ಕಾಣುವ ವಾಲಿಕೆಯಲ್ಲಿ ಎರಡು ಬಗೆ. ಹರೆಯದಲ್ಲೇ ಶುರುವಾಗಿ, ಗಮನಕ್ಕೆ ಬಾರದೆ ವರ್ಷಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಾದದ್ದು ಒಂದು. ಐವತ್ತರ ಮೇಲೆ ಡಿಸ್ಕುಗಳೂ ಗೆಣ್ಣುಗಳೂ ಒಂದು ಬದಿ ಹೆಚ್ಚು ಸವೆದು ಸೊಂಟದ ಭಾಗದಲ್ಲಿ ಹೊಸದಾಗಿ ಹುಟ್ಟಿದ್ದು ಇನ್ನೊಂದು. ಎಕ್ಸ್‌ರೇಯಲ್ಲಿ ಕೋನ 10 ಡಿಗ್ರಿ ದಾಟಿದರೆ ಸ್ಕೋಲಿಯೋಸಿಸ್ ಎನ್ನುತ್ತಾರೆ, ಆದರೆ ಹಿರಿಯರಲ್ಲಿ ಆ ಕೋನ ಒಂದನ್ನೇ ನೋಡಿ ತೀರ್ಮಾನ ಮಾಡಬಾರದು. 45 ಡಿಗ್ರಿ ವಾಲಿದ್ದರೂ ತೋಟದಲ್ಲಿ ಅಡಿಕೆ ಹೆಕ್ಕುತ್ತ ಓಡಾಡುವವರಿದ್ದಾರೆ, 25 ಡಿಗ್ರಿಗೇ ಅಂಗಳ ದಾಟಲಾಗದವರೂ ಇದ್ದಾರೆ. ಕಷ್ಟ ಕೊಡುವುದು ಮುಖ್ಯವಾಗಿ ಎರಡು: ಕಾಲಿಗೆ ಹೋಗುವ ನರ ಒತ್ತಿಹೋಗುವುದು, ಮತ್ತು ಮೈ ಮುಂದಕ್ಕೆ ಬಾಗುವುದು. ನಿಮ್ಮ ಅತ್ತೆ ಎಷ್ಟು ದೂರ ನಡೆದಾಗ ಕಾಲು ಸೆಳೆಯುತ್ತದೆ, ಕುಳಿತ ತಕ್ಷಣ ಆರಾಮವಾಗುತ್ತದೆಯೇ, ಒಲೆಯ ಮುಂದೆ ನಿಂತಾಗ ಒಂದು ಕೈಯನ್ನು ಕಟ್ಟೆಗೆ ಊರಿಯೇ ನಿಲ್ಲಬೇಕಾಗುತ್ತದೆಯೇ, ಇದನ್ನು ಎರಡು ವಾರ ಬರೆದಿಡಿ. ಆ ಚೀಟಿ ಎಂಆರ್‌ಐಯಷ್ಟೇ ಉಪಯೋಗಕ್ಕೆ ಬರುತ್ತದೆ.

ಆಪರೇಷನ್‌ಗೆ ಮೊದಲು ಬೇರೆ ದಾರಿಗಳನ್ನು ನಿಜವಾಗಿ ನೋಡಿರಬೇಕು: ಮೂರು ತಿಂಗಳಾದರೂ ಬಿಡದೆ ಮಾಡಿದ ಫಿಸಿಯೋಥೆರಪಿ, ನರದ ಬುಡಕ್ಕೆ ಇಂಜೆಕ್ಷನ್, ಎಲುಬು ಸವೆತಕ್ಕೆ ಔಷಧಿ, ಕೈಯಲ್ಲೊಂದು ಕೋಲು. ಬೆಲ್ಟು ನೋವನ್ನು ಸ್ವಲ್ಪ ತಡೆದೀತು, ಬೆಳೆದವರ ಬೆನ್ನನ್ನು ನೆಟ್ಟಗೆ ಮಾಡದು. ನಮ್ಮಲ್ಲಿ ಆಟಿ ತಿಂಗಳಲ್ಲಿ ಉಳಿಚ್ಚಿಲ್ (ಮೈಗೆ ಎಣ್ಣೆ ತಿಕ್ಕುವುದು) ಮಾಡಿಸುವ ವಾಡಿಕೆ ಇದೆ. ಎಣ್ಣೆ ಹಚ್ಚಿ ಹಗುರಾಗಿ ನೀವಿದರೆ ಸ್ನಾಯು ಸಡಿಲವಾಗುತ್ತದೆ, ತಪ್ಪೇನಿಲ್ಲ. ಆದರೆ ಎಲುಬು ಸವೆದಿರುವವರ ಬೆನ್ನನ್ನು ಕಾಲಿನಿಂದ ತುಳಿಸುವುದು, ತಿರುಚಿ ಲಟಕ್ಕೆನಿಸುವುದು ಖಂಡಿತ ಬೇಡ, ಕಶೇರು (ಬೆನ್ನೆಲುಬಿನ ಮಣಿ) ಕುಸಿಯಬಹುದು. ಇನ್ನು ಕಾಲಿನ ಬಲ ಕಡಿಮೆಯಾಗುತ್ತ ಬಂದರೆ ಕಾಯುತ್ತ ಕೂರಬಾರದು. ಮೂತ್ರ–ಮಲದ ಹಿಡಿತ ತಪ್ಪಿದರೆ, ತೊಡೆಸಂದಿಯಲ್ಲಿ ಸ್ಪರ್ಶ ಗೊತ್ತಾಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

2019ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ 40ರಿಂದ 80 ವರ್ಷದವರ ಸೊಂಟದ ಸ್ಕೋಲಿಯೋಸಿಸ್ ಬಗ್ಗೆಯೇ ನಡೆದದ್ದು. ಚೀಟಿ ಎತ್ತಿ ಆಪರೇಷನ್ ಇಲ್ಲದ ಗುಂಪಿಗೆ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಎರಡು ವರ್ಷದೊಳಗೆ ಆಪರೇಷನ್ ಮಾಡಿಸಿಕೊಂಡರು. ಹಾಗಾಗಿ ಆ ಚೀಟಿಯ ಲೆಕ್ಕದಲ್ಲಿ ಉತ್ತರ ಖಚಿತವಾಗಲಿಲ್ಲ. ನಿಜಕ್ಕೂ ಯಾರು ಮಾಡಿಸಿಕೊಂಡರು, ಯಾರು ಬಿಟ್ಟರು ಎಂದು ನೋಡಿದಾಗ ಮಾಡಿಸಿಕೊಂಡವರು ಹೆಚ್ಚು ಸುಧಾರಿಸಿದ್ದರು, ಮಾಡಿಸದವರು ಹೆಚ್ಚುಕಡಿಮೆ ಇದ್ದಲ್ಲೇ ಇದ್ದರು. ಇದರಿಂದ ನನಗೆ ಅನಿಸುವುದು ಇಷ್ಟು: ಈಗಿನ ಸ್ಥಿತಿಯಲ್ಲೇ ಬದುಕು ಸಾಗುತ್ತದೆ ಎನ್ನುವವರು ಧೈರ್ಯವಾಗಿ ಬಿಡಬಹುದು. ಈ ಸ್ಥಿತಿ ಸಹಿಸಲಾಗುವುದಿಲ್ಲ ಎನ್ನುವವರಿಗೆ ಮಾತ್ರ ಆಪರೇಷನ್ನಿನ ಲೆಕ್ಕ ಹೊಂದುತ್ತದೆ. ನೆಟ್ಟಗೆ ಕಾಣಬೇಕೆಂಬ ಆಸೆ ಈ ಪ್ರಾಯದಲ್ಲಿ ಸಾಕಷ್ಟು ಕಾರಣವಲ್ಲ.

ಯಾವ ಆಪರೇಷನ್ ಎಂಬುದನ್ನು ಬಿಡಿಸಿ ಕೇಳಿ. ಒತ್ತಿದ ನರವನ್ನು ಬಿಡಿಸುವುದಷ್ಟೇ ಆದರೆ ಅದು ಚಿಕ್ಕದು, ಕೆಲವೇ ದಿನಗಳಲ್ಲಿ ಮನೆ. ಆದರೆ ವಾಲಿಕೆಯ ನಡುವೆಯೇ ಎಲುಬು ತೆಗೆದರೆ ಆ ಜಾಗ ಇನ್ನಷ್ಟು ಸಡಿಲವಾಗಿ ವಾಲಿಕೆ ಹೆಚ್ಚಬಹುದು. ನರ ಬಿಡಿಸಿ ಒಂದೆರಡು ಗೆಣ್ಣನ್ನು ಸ್ಕ್ರೂ ಹಾಕಿ ಬೆಸೆಯುವುದು ಎರಡನೆಯದು. ಎದೆಯ ಭಾಗದಿಂದ ಶ್ರೋಣಿಯವರೆಗೆ (ಸೊಂಟದ ಕೆಳಗಿನ ಅಗಲ ಎಲುಬಿನವರೆಗೆ) ಉದ್ದಕ್ಕೂ ಬೆಸೆಯುವುದು ಮೂರನೆಯದು: ಆರೆಂಟು ಗಂಟೆ ಹಿಡಿಯಬಹುದು, ರಕ್ತ ಹೋಗುತ್ತದೆ, ಐಸಿಯುನಲ್ಲಿ ಇರಬೇಕಾಗಬಹುದು. ಉದ್ದದ ಆಪರೇಷನ್ನಿನಲ್ಲಿ ಮೂವರಲ್ಲಿ ಒಬ್ಬರಿಗಾದರೂ ಚಿಕ್ಕದೋ ದೊಡ್ಡದೋ ಒಂದು ತೊಂದರೆ ಬರುತ್ತದೆ ಎಂದು ಮನಸ್ಸು ಗಟ್ಟಿಮಾಡಿಕೊಂಡೇ ಹೊರಡಬೇಕು. ನರದ ಸಂಕೇತವನ್ನು ಆಪರೇಷನ್ ಉದ್ದಕ್ಕೂ ನೋಡುತ್ತಿರುವ ಯಂತ್ರ (ನ್ಯೂರೋ ಮಾನಿಟರಿಂಗ್) ಇದೆಯೇ ಎಂದು ಕೇಳಲು ಹಿಂಜರಿಯಬೇಡಿ.

ಸೊಂಟ ಬೆಸೆದುಕೊಂಡ ಮೇಲೆ ಈ ಊರಿನ ಬದುಕಿನಲ್ಲಿ ಏನೇನು ಹೋಗುತ್ತದೆ ಎಂಬುದನ್ನು ಡಾಕ್ಟರು ವಿವರವಾಗಿ ಹೇಳಲಾರರು, ಹೇಳಲು ಅವರಿಗೆ ಸಮಯವೂ ಇರುವುದಿಲ್ಲ. ಮೆಟ್ಟುಕತ್ತಿಯ ಮೇಲೆ ಕೂತು ಹಲಸಿನ ಗುಜ್ಜೆ ಹೆಚ್ಚುವುದು, ನೆಲದ ಪಂಕ್ತಿಯಲ್ಲಿ ಊಟ, ತೋಟದಲ್ಲಿ ಬಗ್ಗಿ ಅಡಿಕೆ ಹೆಕ್ಕುವುದು, ಗುಡಿಯಲ್ಲಿ ಅಡ್ಡಬೀಳುವುದು, ನಮಾಜಿನ ಸುಜೂದ್ (ಹಣೆ ನೆಲಕ್ಕಿಡುವುದು), ಕಾಲಿನ ಉಗುರು ತೆಗೆಯುವುದು ಇವೆಲ್ಲ ಕಷ್ಟ, ಕೆಲವು ಶಾಶ್ವತವಾಗಿ. ನಮಾಜನ್ನು ಕುರ್ಚಿಯಲ್ಲಿ ಮಾಡಬಹುದು, ತರಕಾರಿಯನ್ನು ಮೇಜಿನ ಮೇಲೆ ಚಾಕುವಿನಲ್ಲಿ ಹೆಚ್ಚಬಹುದು. ಹೇಳಲು ಸಂಕೋಚಪಡುವ ವಿಷಯ ಇನ್ನೊಂದಿದೆ: ಶೌಚದ ನಂತರ ಹಿಂದೆ ಕೈ ತಲುಪದಿರುವುದು. ಶ್ರೋಣಿಯವರೆಗೆ ಬೆಸೆದವರಲ್ಲಿ ಇದು ಸಾಮಾನ್ಯ. ರಭಸದ ನೀರು ಬರುವ ಕೈಪಿಚಕಾರಿ ಮತ್ತು ಉದ್ದ ಹಿಡಿಯ ಬ್ರಷ್ ಇದ್ದರೆ ಮರ್ಯಾದೆಯಿಂದ ನಿಭಾಯಿಸಬಹುದು. ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಬಗ್ಗಲು ಉಳಿಯುವುದು ಮೊಣಕಾಲು ಮತ್ತು ತೊಡೆಬುಡದ ಕೀಲು ಮಾತ್ರ, ಆದ್ದರಿಂದ ಅವೂ ಸವೆದಿವೆಯೇ ಎಂದು ಮೊದಲು ನೋಡಿಸಿ.

ತಯಾರಿಗೆ ಎರಡು ಮೂರು ತಿಂಗಳು ಇಟ್ಟುಕೊಳ್ಳಿ. ಎಲುಬಿನ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಟಿ ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಎಲುಬು ಟೊಳ್ಳು ಎಂದರ್ಥ, ಸ್ಕ್ರೂ ಸಡಿಲವಾಗುತ್ತದೆ. ಅಂಥವರಿಗೆ ಟೆರಿಪ್ಯಾರಟೈಡ್ ಎಂಬ ದಿನದಿನದ ಇಂಜೆಕ್ಷನ್ನನ್ನು ಆಪರೇಷನ್ನಿಗೆ ಕೆಲವು ತಿಂಗಳು ಮೊದಲೇ ಶುರುಮಾಡುವುದುಂಟು. ವಿಟಮಿನ್ ಡಿ, ಹಿಮೋಗ್ಲೋಬಿನ್, ಮೂರು ತಿಂಗಳ ಸಕ್ಕರೆಯ ಎಚ್‌ಬಿಎ1ಸಿ, ಹೃದಯದ ಎಕೋ, ಹಲ್ಲಿನ ಹುಳುಕು ಇವನ್ನೂ ನೋಡಿಸಬೇಕು. ಎಚ್‌ಬಿಎ1ಸಿ 8ರ ಮೇಲಿದ್ದರೆ ಇಳಿಸಿ ಹೋಗುವುದು ಮೇಲು, ಗಾಯದ ಸೋಂಕಿಗೆ ಸಕ್ಕರೆ ದಾರಿ ಮಾಡಿಕೊಡುತ್ತದೆ. ಬೀಡಿ ಬಿಡಬೇಕೆಂದು ಎಲ್ಲರಿಗೂ ಗೊತ್ತು. ಎಲೆಯಡಿಕೆಯ ಜೊತೆಗಿನ ಹೊಗೆಸೊಪ್ಪನ್ನು ಯಾರೂ ಲೆಕ್ಕಕ್ಕೆ ತರುವುದಿಲ್ಲ, ನಮ್ಮ ಕಡೆಯ ಹಿರಿಯ ಹೆಂಗಸರು ಡಾಕ್ಟರ ಮುಂದೆ ಹೇಳುವುದೂ ಇಲ್ಲ. ಅದರಲ್ಲೂ ನಿಕೋಟಿನ್ ಇದೆ, ಅದು ಎಲುಬು ಬೆಸೆಯುವುದನ್ನು ತಡೆಯುತ್ತದೆ. ಕಡಿಮೆಯೆಂದರೆ ಆರು ವಾರ ಮೊದಲು ಬಿಟ್ಟು, ಬೆಸೆಯುವವರೆಗೂ ಮುಟ್ಟಬಾರದು. ರಕ್ತ ತೆಳುಮಾಡುವ ಮಾತ್ರೆ, ಕಷಾಯ, ಲೇಹ್ಯ ಯಾವುದಿದ್ದರೂ ಹೆಸರು ಬರೆದು ತೋರಿಸಿ, ಯಾವಾಗ ನಿಲ್ಲಿಸಬೇಕೆಂದು ಡಾಕ್ಟರೇ ಹೇಳಲಿ.

ಕಾಲ ನೋಡಿ ತಾರೀಕು ಇಡಿ. ನಡೆಯುವುದೇ ಮದ್ದು ಎನ್ನುವ ಮೊದಲ ಮೂರು ತಿಂಗಳು ಜೂನ್–ಜುಲೈಗೆ ಬಂದರೆ ಹಾವಸೆ ಹಿಡಿದ ಅಂಗಳದಲ್ಲಿ ನಡೆಯುವುದು ಹೇಗೆ? ಡಿಸೆಂಬರಿನಿಂದ ಫೆಬ್ರವರಿಯೊಳಗೆ ಮಾಡಿಸಿದರೆ ಮಳೆಗೆ ಮೊದಲು ಕಾಲು ಗಟ್ಟಿಯಾಗಿರುತ್ತದೆ. ಅಡಿಕೆ ಕೊಯ್ಲಿನ ಸಮಯ, ಮನೆಯಲ್ಲಿ ಆಳಿಲ್ಲ ಎನ್ನುತ್ತಾರೆ, ಒಪ್ಪುತ್ತೇನೆ. ಆದರೂ ಒಂದು ವರ್ಷದ ಕೊಯ್ಲನ್ನು ಗುತ್ತಿಗೆಗೆ ಕೊಟ್ಟರೆ ಆಗುವ ನಷ್ಟ, ಬಿದ್ದು ರಾಡ್ ಸಡಿಲವಾದರೆ ಆಗುವ ನಷ್ಟದ ಮುಂದೆ ಏನೂ ಅಲ್ಲ.

ಮನೆಯನ್ನು ರೋಗಿಗಿಂತ ಮೊದಲು ತಯಾರು ಮಾಡಬೇಕು. ಮುರಕಲ್ಲಿನ ಮೆಟ್ಟಿಲು ಎತ್ತರ, ಒಂದೊಂದು ಒಂದೊಂದು ಅಳತೆ. ಅದಕ್ಕೆ ಕೈ ಹಿಡಿದು ಹತ್ತಲು ಜಿಐ ಪೈಪಿನ ಕಂಬಿ ಹಾಕಿಸಿ. ಬಚ್ಚಲು ಅಂಗಳದಾಚೆ ಇದ್ದರೆ ಮನೆಯೊಳಗಿನ ಒಂದು ಕೋಣೆಗೆ ಕಮೋಡ್ ಬರಲೇಬೇಕು, ಅದೂ ಎತ್ತರಿಸಿದ್ದು, ಪಕ್ಕದಲ್ಲಿ ಹಿಡಿಯಲು ಸರಳು. ಮಂಚ ಮೊಣಕಾಲಿನ ಎತ್ತರಕ್ಕಿರಲಿ. ಕೈಯಿರುವ ಗಟ್ಟಿ ಕುರ್ಚಿ ಒಂದು ಸಾಕು, ಜಗಲಿಯ ಆರಾಮ ಕುರ್ಚಿಯಲ್ಲಿ ಕೂತರೆ ಏಳಲಾಗದು. ನಿತ್ಯ ಬೇಕಾದ ಪಾತ್ರೆಗಳನ್ನು ಸೊಂಟದಿಂದ ಭುಜದ ನಡುವಿನ ಎತ್ತರಕ್ಕೆ ತನ್ನಿ. ನೆಲದ ಚಾಪೆ, ಕಾಲೊರಸು, ಕಾಲಿಗೆ ಸುತ್ತುವ ನಾಯಿಮರಿ ಇವಿಷ್ಟೂ ದೂರ ಇರಲಿ.

ಆಪರೇಷನ್ನಿನ ಮರುದಿನವೇ ಮಂಚದ ಅಂಚಿನಲ್ಲಿ ಕೂರಿಸುತ್ತಾರೆ, ಒಂದೆರಡು ದಿನದಲ್ಲಿ ವಾಕರ್ ಹಿಡಿದು ನಿಲ್ಲಿಸುತ್ತಾರೆ. ಹಾಸಿಗೆಯಲ್ಲಿ ಮಗ್ಗುಲಾಗುವಾಗ ಭುಜ, ಸೊಂಟ, ಮೊಣಕಾಲು ಮೂರೂ ಒಟ್ಟಿಗೆ ಮರದ ದಿಮ್ಮಿ ಉರುಳಿದ ಹಾಗೆ ಉರುಳಬೇಕು. ನೋಡಿಕೊಳ್ಳುವವರು ಇದನ್ನು ಆಸ್ಪತ್ರೆಯಲ್ಲೇ ಕಲಿತು ಬನ್ನಿ. ಮೊದಲ ರಾತ್ರಿಗಳಲ್ಲಿ ಹಿರಿಯರು ಊರು ಮರೆತು, ಇಲ್ಲದವರನ್ನು ಕರೆದು ಗಲಿಬಿಲಿಗೊಳ್ಳುವುದುಂಟು. ಅದು ಹುಚ್ಚಲ್ಲ, ಹೆಚ್ಚಿನವರಲ್ಲಿ ಕೆಲವು ದಿನಗಳಲ್ಲಿ ಇಳಿಯುತ್ತದೆ. ನರ್ಸಿಗೆ ತಿಳಿಸಿ, ಕನ್ನಡಕ, ಕಿವಿಯ ಯಂತ್ರ ಹಾಕಿಸಿ, ಗುರುತಿನ ದನಿಯಲ್ಲಿ ಮಾತಾಡಿಸಿ. ನೋವಿನ ಮಾತ್ರೆಯಿಂದ ಮಲಬದ್ಧತೆ ಬಂದೇ ಬರುತ್ತದೆ, ಅದಕ್ಕೆ ಔಷಧಿಯನ್ನು ಮೊದಲ ದಿನದಿಂದಲೇ ಕೇಳಿ ಪಡೆಯಿರಿ.

ಮನೆಗೆ ತರುವಾಗ ಕಾರಿನ ಮುಂದಿನ ಸೀಟನ್ನು ಹಿಂದಕ್ಕೆ ಒರಗಿಸಿ, ನಡುವೆ ಒಮ್ಮೆ ಇಳಿಸಿ ನಡೆಸಿ. ಹೆದ್ದಾರಿಯಲ್ಲಿ ತೊಂದರೆಯಿಲ್ಲ, ಒಳರಸ್ತೆಯ ಹೊಂಡಗಳಲ್ಲಿ ಆಟೋ ಬೇಡವೇ ಬೇಡ. ಹೊಲಿಗೆ ಅಥವಾ ಪಿನ್ನು ತೆಗೆಯುವುದು ಸುಮಾರು ಎರಡು ವಾರಕ್ಕೆ. ಇಲ್ಲಿ ಕೇರಳದ ಒಂದು ದೊಡ್ಡ ಅನುಕೂಲವಿದೆ: 2008ರಲ್ಲಿ ರಾಜ್ಯ ಪಾಲಿಯೇಟಿವ್ (ನೋವು ತಗ್ಗಿಸುವ ಆರೈಕೆಯ) ನೀತಿ ತಂದ ಮೇಲೆ ಪಂಚಾಯತ್ ಮಟ್ಟದಲ್ಲಿ ಮನೆಗೇ ಬರುವ ನರ್ಸುಗಳ ತಂಡ ಬೆಳೆದಿದೆ. ಅದು ಕ್ಯಾನ್ಸರ್ ರೋಗಿಗಳಿಗೆ ಮಾತ್ರ ಎಂದು ತುಂಬ ಜನ ತಿಳಿದಿದ್ದಾರೆ. ಹಾಸಿಗೆ ಹಿಡಿದ ಯಾರಿಗಾಗಿಯಾದರೂ ಕೇಳಬಹುದು. ವಾರ್ಡಿನ ಆಶಾ ಕಾರ್ಯಕರ್ತೆಗೆ ಆಪರೇಷನ್ನಿಗೆ ಮೊದಲೇ ಹೇಳಿಡಿ. ನರ್ಸಿಗೆ ಕನ್ನಡ ಬಾರದಿದ್ದರೆ, ಡ್ರೆಸ್ಸಿಂಗ್ ಹೇಗೆ ಮಾಡಬೇಕೆಂದು ಸರ್ಜನ್ ಇಂಗ್ಲಿಷಿನಲ್ಲಿ ಬರೆದ ಚೀಟಿ ತೋರಿಸಿದರೆ ಸಾಕು.

ಮೊದಲ ಮೂರು ತಿಂಗಳು ಬಗ್ಗುವುದು, ತಿರುಚುವುದು, ಮೂರು–ನಾಲ್ಕು ಕಿಲೋಗಿಂತ ಹೆಚ್ಚು ಎತ್ತುವುದು ಇಲ್ಲ. ತುಂಬಿದ ಕೊಡಪಾನ ಅದರ ಎರಡು ಮೂರು ಪಾಲು ಭಾರ. ದಿನಕ್ಕೆ ನಾಲ್ಕೈದು ಸಲ ಐದೈದು ನಿಮಿಷ ನಡೆಯುವುದರಿಂದ ಶುರುಮಾಡಿ, ವಾರವಾರ ಸ್ವಲ್ಪ ಹೆಚ್ಚಿಸಬೇಕು. ಎಲುಬು ಬೆಸೆಯಲು ಆರು ತಿಂಗಳಿಂದ ಒಂದು ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಹಳೇ ಚೀಟಿ ತೋರಿಸಿ ಮೆಡಿಕಲ್ಲಿನಿಂದ ಡೈಕ್ಲೋಫೆನಾಕಿನಂಥ ಮಾತ್ರೆ ತಂದು ನುಂಗಬೇಡಿ, ಅವು ಬೆಸೆಯುವುದಕ್ಕೆ ಅಡ್ಡಿಯಾಗಬಹುದು, ಮೂತ್ರಪಿಂಡಕ್ಕೂ ಹೊರೆ.

ಗಾಯ ಕೆಂಪಾಗಿ ಒಸರಿದರೆ, ಜ್ವರ ಬಂದರೆ, ಒಂದು ಮೀನಖಂಡ ಮಾತ್ರ ಊದಿ ನೋಯುತ್ತಿದ್ದರೆ, ಕಾಲು ಹೊಸದಾಗಿ ಸೋತರೆ ಆಪರೇಷನ್ ಮಾಡಿದವರಿಗೆ ಅಂದೇ ಫೋನು ಮಾಡಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಮಂಗಳೂರಿನ ಯೋಚನೆ ಬಿಟ್ಟು ಅತಿ ಹತ್ತಿರದ ಆಸ್ಪತ್ರೆಗೆ ಓಡಿ. ತಡವಾಗಿ ಬರುವ ತೊಂದರೆಗಳು ಬೇರೆ. ರಾಡಿನ ಮೇಲ್ತುದಿಯ ಆಚೆಗಿನ ಕಶೇರು ಮುಂದಕ್ಕೆ ಬಾಗಿ ಹೊಸ ಗೂನು ಬರುವುದು ಒಂದು. ಎಲುಬು ಬೆಸೆಯದೆ ಒಂದೆರಡು ವರ್ಷದ ಮೇಲೆ ರಾಡ್ ತುಂಡಾಗುವುದು ಇನ್ನೊಂದು. ಇಳಿದಿದ್ದ ನೋವು ಮತ್ತೆ ಏರಿದರೆ ಈ ಎರಡನ್ನು ಮೊದಲು ನೋಡಬೇಕು. ಆರು ವಾರ, ಮೂರು ತಿಂಗಳು, ಆರು ತಿಂಗಳು, ಒಂದು ವರ್ಷ, ಎರಡು ವರ್ಷದ ಎಕ್ಸ್‌ರೇಗಳನ್ನು ನೋವಿಲ್ಲವೆಂದು ತಪ್ಪಿಸಬಾರದು ಎನ್ನುವುದು ಇದಕ್ಕೇ.

ಮುಂದಿನ ಸಲ ಡಾಕ್ಟರನ್ನು ಕಾಣುವಾಗ ಅತ್ತೆಯನ್ನೇ ಮುಂದಿನ ಕುರ್ಚಿಯಲ್ಲಿ ಕೂರಿಸಿ, ಮಕ್ಕಳು ಸೊಸೆಯಂದಿರು ಹಿಂದೆ ನಿಲ್ಲಿ. ಅತ್ತೆ ಕೇಳಬೇಕಾದದ್ದು: ಎಲ್ಲಿಂದ ಎಲ್ಲಿಯವರೆಗೆ ಬೆಸೆಯುತ್ತೀರಿ, ಅದಕ್ಕಿಂತ ಚಿಕ್ಕದು ಸಾಲದೇ, ನನ್ನ ಪ್ರಾಯದವರಿಗೆ ಇಂಥ ಆಪರೇಷನ್ ವರ್ಷಕ್ಕೆ ಎಷ್ಟು ಮಾಡುತ್ತೀರಿ, ಅವರಲ್ಲಿ ಎಷ್ಟು ಮಂದಿಗೆ ಮತ್ತೆ ಆಪರೇಷನ್ ಬೇಕಾಯಿತು, ಕಾಲುನೋವು ಎಷ್ಟು ಇಳಿದೀತು, ಬೆನ್ನುನೋವು ಎಷ್ಟು. ಉತ್ತರ ತೃಪ್ತಿಯಾಗದಿದ್ದರೆ ಅದೇ ಸಿಡಿ ಹಿಡಿದು ಇನ್ನೊಬ್ಬ ಬೆನ್ನೆಲುಬಿನ ಸರ್ಜನ್ ಹತ್ತಿರ ಹೋಗಿ. ಕಾಲಿನ ಬಲ ಕುಂದುತ್ತಿಲ್ಲ ಎಂದಾದರೆ ಒಂದು ತಿಂಗಳು ತಡವಾದದ್ದರಿಂದ ಕೆಡುವುದೇನೂ ಇಲ್ಲ.