ಲಕ್ವ ಹೊಡೆದು ಎರಡು ತಿಂಗಳಾಯಿತು, ತಂದೆಗೆ ಮಾತಿಲ್ಲ, ಬುದ್ಧಿಯೂ ಮಂಕಾಗಿದೆ. ಮೈಸೂರಿಗೆ ಕರೆದೊಯ್ಯಬೇಕೇ, ಮನೆಯಲ್ಲೇ ಕಾಯಬೇಕೇ?

ಬುದ್ಧಿ ಮಂಕಾಗಿದೆ ಎಂದು ನಿಮಗೆ ಹೇಳಿದವರು ಯಾರು? ಆ ಮಾತನ್ನು ಮೊದಲು ಬಿಡಿ. ನಾನೂ ಹಾಗೆಯೇ ತಿಳಿದು ಅಪ್ಪನ ಎರಡು ಎಕರೆ ಗದ್ದೆ ಕಳೆದೆ.

ನಮ್ಮದು ಗಂಗಾವತಿ ಹತ್ತಿರದ ಹಳ್ಳಿ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು. ಕಣದಲ್ಲಿ ಭತ್ತ ಅಳೆಯಲು ಊರೆಲ್ಲ ಅಪ್ಪನನ್ನೇ ಕರೆಯುತ್ತಿತ್ತು. ಲಕ್ವ ಹೊಡೆದಾಗ ಬಲಗೈ, ಬಲಗಾಲು ಬಿದ್ದವು. ಬಾಯಲ್ಲಿ ಉಳಿದದ್ದು ‘ಹೂಂ’ ಒಂದೇ.

ಆಸ್ಪತ್ರೆಯ ಸಾಲ ಏರಿತ್ತು. ‘ಅಪ್ಪಾ, ಕಾಲುವೆ ಪಕ್ಕದ ಗದ್ದೆ ಮಾರಿಬಿಡೋಣವೇ?’ ಎಂದೆ. ‘ಹೂಂ’ ಎಂದ. ಕಣ್ಣಲ್ಲಿ ನೀರು ಇಳಿಯಿತು, ಎಡಗೈಯಿಂದ ನನ್ನ ಅಂಗಿಯ ತೋಳು ಹಿಡಿದು ಜಗ್ಗಿದ. ಲಕ್ವದವರು ಸುಮ್ಮಸುಮ್ಮನೆ ಅಳುತ್ತಾರೆ ಎಂದು ಯಾರೋ ಹೇಳಿದ್ದರು, ಅದನ್ನೇ ನಂಬಿದೆ. ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿದೆ.

ಈ ತಪ್ಪನ್ನು ಬಿಡಿಸಿ ಹೇಳಲೇಬೇಕು. ‘ಮಾರುವುದು ಬೇಡವೇ?’ ಎಂದು ನಾನು ಒಮ್ಮೆಯೂ ತಿರುಗಿಸಿ ಕೇಳಲಿಲ್ಲ. ಕೇಳಿದ್ದರೆ ಅದಕ್ಕೂ ‘ಹೂಂ’ ಬರುತ್ತಿತ್ತು, ಸತ್ಯ ಅಲ್ಲೇ ತಿಳಿಯುತ್ತಿತ್ತು. ಹಸಿವಾಯಿತೇ ಎಂದರೂ ಹೂಂ, ಹೊಟ್ಟೆ ತುಂಬಿತೇ ಎಂದರೂ ಹೂಂ. ಇದನ್ನು ಅವ್ವ ದಿನವೂ ನೋಡುತ್ತಿದ್ದಳು. ಅವಳನ್ನೂ ಕೇಳಲಿಲ್ಲ. ಬಾಯಿಗೆ ಸಿಗುತ್ತಿದ್ದ ಒಂದೇ ಸದ್ದನ್ನು ನಾನು ಒಪ್ಪಿಗೆ ಎಂದು ತೆಗೆದುಕೊಂಡೆ.

ನಾಲ್ಕು ತಿಂಗಳ ಮೇಲೆ ಬಳ್ಳಾರಿಯಲ್ಲಿ ಸ್ಪೀಚ್ ಥೆರಪಿಸ್ಟ್ ಒಬ್ಬರಿಗೆ ತೋರಿಸಿದೆವು. ಅವರು ಮೇಜಿನ ಮೇಲೆ ಬಾಚಣಿಗೆ, ಚಮಚ, ಬೀಗದ ಕೈ ಇಟ್ಟು ‘ಬಾಗಿಲು ತೆಗೆಯಲು ಯಾವುದು ಬೇಕು?’ ಎಂದರು. ಅಪ್ಪನ ಎಡಗೈ ನೇರ ಬೀಗದ ಕೈ ಮೇಲೆ ಹೋಯಿತು. ನನ್ನ ಎದೆ ಧಸಕ್ಕೆಂದಿತು. ಹಾಗಾದರೆ ಗದ್ದೆಯ ಮಾತೂ ತಿಳಿದಿತ್ತು.

ಮಿದುಳಿಗೆ ಪೆಟ್ಟು ಬಿದ್ದು ಭಾಷೆ ಕೈಕೊಡುವುದಕ್ಕೆ ಅಫೇಸಿಯಾ ಎನ್ನುತ್ತಾರೆ. ಬಹುಪಾಲು ಜನರಿಗೆ ಭಾಷೆಯ ಜಾಗ ಮಿದುಳಿನ ಎಡಭಾಗದಲ್ಲಿರುತ್ತದೆ. ಬಲಗೈ, ಬಲಗಾಲು ಆಡಿಸುವುದೂ ಅದೇ ಎಡಭಾಗ. ಬಲಗೈಯೂ ಮಾತೂ ಒಟ್ಟಿಗೆ ಹೋಗುವುದು ಅದಕ್ಕೇ. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ ಕಂಡ ರೋಗಿಗೂ ‘ಟಾನ್’ ಎಂಬುದೊಂದೇ ಉಳಿದಿತ್ತು, ಹೇಳಿದ್ದು ಮಾತ್ರ ತಿಳಿಯುತ್ತಿತ್ತು. ಇನ್ನು ಕೆಲವರು ಸರಾಗವಾಗಿ ಮಾತನಾಡುತ್ತಾರೆ, ಆದರೆ ಮಾತಿಗೆ ಅರ್ಥವಿರುವುದಿಲ್ಲ, ಕೇಳಿದ್ದೂ ತಿಳಿಯುವುದಿಲ್ಲ. ನಿಮ್ಮ ತಂದೆಯದು ಯಾವ ಬಗೆ ಎಂಬುದನ್ನು ಪರೀಕ್ಷಿಸಿಯೇ ಹೇಳಬೇಕು. ಹಲಗೆ ಬಳಪ ಕೊಟ್ಟು ಬರೆಯಿರಿ ಎಂದು ಕಾಡಬೇಡಿ, ಸಾಮಾನ್ಯವಾಗಿ ಬರವಣಿಗೆಗೂ ಪೆಟ್ಟು ಬಿದ್ದಿರುತ್ತದೆ.

ಒಂದು, ಎರಡು ಎಣಿಸಿ ಎಂದರೆ ಅಪ್ಪನಿಗೆ ಬರಲಿಲ್ಲ. ಮನೆಗೆ ಬಂದು ಭತ್ತದ ರಾಶಿಯ ಮುಂದೆ ಕೂರಿಸಿ, ಎಡಗೈಗೆ ಸೇರು ಕೊಟ್ಟು, ‘ಲಾಭ’ ಎಂದೆ. ಕಣದಲ್ಲಿ ಯಾರೂ ‘ಒಂದು’ ಎನ್ನುವುದಿಲ್ಲವಲ್ಲ. ಅಪ್ಪ ಸೇರು ತುಂಬಿ ಸುರಿದು ‘ಎರಡು’ ಎಂದ. ‘ಮೂರು’, ‘ನಾಲ್ಕು’ ಎಂದು ಹತ್ತರವರೆಗೆ ಹೋದ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಬಾಯಿಪಾಠವಾದದ್ದು ಹೀಗೆ ಉಳಿಯುವುದುಂಟು, ಅದರಿಂದಲೇ ಮಾತು ಪೂರ್ತಿ ಬಂತು ಎನ್ನಲಾಗದು. ಆದರೂ ನಮ್ಮ ಅಭ್ಯಾಸ ಶುರುವಾದದ್ದು ಅಲ್ಲಿಂದ.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಖಂಡಿತ ಹೋಗಿ. ಕಾಯುವುದಂತೂ ಬೇಡವೇ ಬೇಡ. ಆದರೆ ಹೋಗುವ ಮೊದಲು, ಇವತ್ತು ಸಂಜೆಯೇ, ಅವರ ಮುಂದೆ ಚಹಾ ಲೋಟ, ನೀರಿನ ಲೋಟ ಇಟ್ಟು ಯಾವುದು ಬೇಕೆಂದು ಕೇಳಿ. ನಡುವೆ ಬಾಯಿ ಹಾಕಬೇಡಿ. ನಮ್ಮ ಅಪ್ಪನಿಗೆ ಕೈ ಎತ್ತಲು ಅರ್ಧ ನಿಮಿಷವಾದರೂ ಬೇಕಾಗುತ್ತಿತ್ತು.