ವಲಸೆ ಮಕ್ಕಳ ಓದಿನ ಆಸೆ ಶಾಲೆಯಲ್ಲಿ ಕುಗ್ಗುತ್ತದೆಯೇ?

ಮೂರನೇ ತರಗತಿಯ ಮಗನೊಂದಿಗೆ ಮ್ಯೂನಿಕ್‌ಗೆ ಬರಲಿರುವ ನೀವು, ವಲಸೆ ಬಂದವರ ಮಕ್ಕಳು ದೊಡ್ಡ ಆಸೆ ಹೊತ್ತು ಶಾಲೆಗೆ ಸೇರಿ ಕೊನೆಗೆ ಸಿಕ್ಕಿದ್ದಕ್ಕೆ ಒಪ್ಪಿಕೊಳ್ಳುತ್ತಾರೆಂಬುದು ನಿಜವೇ ಎಂದು ಕೇಳಿದ್ದೀರಿ. ಇಲ್ಲಿ ಅಂಥ ಮಕ್ಕಳಿಗೆ ಸಂಜೆ ಹೊತ್ತು ಹೋಂವರ್ಕ್‌ನಲ್ಲಿ ನೆರವಾಗುತ್ತಿರುವ ನನಗೆ ಕಂಡಂತೆ, ಆಸೆ ಅಷ್ಟು ಬೇಗ ಕುಗ್ಗುವುದಿಲ್ಲ. ಅದು ಕೈಗೂಡುತ್ತದೆಂಬ ನಂಬಿಕೆ ಮೊದಲು ಕುಗ್ಗುತ್ತದೆ.

ಪಶ್ಚಿಮ ಜರ್ಮನಿ ಮತ್ತು ಟರ್ಕಿ 1961ರಲ್ಲಿ ಮಾಡಿಕೊಂಡ ಕಾರ್ಮಿಕರ ಒಪ್ಪಂದದ ನಂತರ ಟರ್ಕಿಯಿಂದ ಕಾರ್ಖಾನೆ ಕೆಲಸಕ್ಕೆ ಬಂದವರ ಮನೆಗಳಲ್ಲಿ, ಅಷ್ಟೇ ಅಂಕ ಮತ್ತು ಅಂಥದೇ ಆರ್ಥಿಕ ಸ್ಥಿತಿಯಿರುವ ಜರ್ಮನ್ ಮನೆಗಳಿಗಿಂತ, ಮಕ್ಕಳನ್ನು ವಿಶ್ವವಿದ್ಯಾಲಯಕ್ಕೆ ದಾರಿಯಾದ ಗಿಮ್ನಾಸಿಯಂಗೆ ಸೇರಿಸುವ ಹಂಬಲ ಹೆಚ್ಚೆಂದು ಸಂಶೋಧಕರು ಮತ್ತೆ ಮತ್ತೆ ಕಂಡಿದ್ದಾರೆ. ತಾವು ಪಟ್ಟ ಪಾಡು ಮಕ್ಕಳಿಗೆ ಬೇಡವೆಂಬ ಹೆತ್ತವರ ಹಟ ಅದರ ಹಿಂದಿದೆ.

ಆದರೆ ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ದಾರಿ ಕವಲೊಡೆಯುವುದು ನಾಲ್ಕನೇ ತರಗತಿಯಲ್ಲಿ, ಮಗುವಿಗೆ ಹತ್ತು ವರ್ಷವಾಗುವ ಹೊತ್ತಿಗೆ. ಜರ್ಮನ್, ಗಣಿತ, ಪರಿಸರ ಅಧ್ಯಯನ ಈ ಮೂರರ ಸರಾಸರಿ 2.33 ಅಥವಾ ಅದಕ್ಕಿಂತ ಉತ್ತಮವಾಗಿದ್ದರೆ ಗಿಮ್ನಾಸಿಯಂ, 2.66ರವರೆಗೆ ಹತ್ತನೇ ತರಗತಿಯವರೆಗಿನ ಮಧ್ಯಮ ಹಂತದ ಶಾಲೆಯಾದ ರೆಯಾಲ್‌ಶೂಲೆ; ಇಲ್ಲಿ 1 ಎಂದರೆ ಅತ್ಯುತ್ತಮ. ನಾನು ಓದಿಸುತ್ತಿದ್ದ, ಇಲ್ಲೇ ಹುಟ್ಟಿದ ಟರ್ಕಿ ಮೂಲದ ಹುಡುಗಿಗೆ ಗಣಿತದಲ್ಲಿ 2, ಉಳಿದೆರಡರಲ್ಲಿ 3 ಬಂದು ರೆಯಾಲ್‌ಶೂಲೆ ಸಿಕ್ಕಿತ್ತು. ಒಂದೇ ವಿಷಯದಲ್ಲಿ ಒಂದು ಮೆಟ್ಟಿಲು ಮೇಲಿದ್ದಿದ್ದರೆ ಅವಳ ಶಾಲೆಯೇ ಬೇರೆಯಾಗುತ್ತಿತ್ತು. ಡಾಕ್ಟರಾಗುತ್ತೇನೆ ಎನ್ನುತ್ತಿದ್ದವಳು ಆ ಬೇಸಿಗೆಯ ನಂತರ, ಆಗಬೇಕೆಂದಿದೆ, ಆದರೆ ನಮ್ಮ ಶಾಲೆಯಿಂದ ಯಾರೂ ಆಗುವುದಿಲ್ಲ ಎನ್ನತೊಡಗಿದಳು. ಹತ್ತು ವರ್ಷದ ಮಗುವಿನ ಬಾಯಲ್ಲಿ ಆ ಮಾತು ಕೇಳಿದ್ದು ನನಗೆ ಇಂದಿಗೂ ಸಂಕಟ ತರುತ್ತದೆ.

ರೆಯಾಲ್‌ಶೂಲೆ ಮುಗಿಸಿದವರು ಫಾಖೋಬರ್‌ಶೂಲೆ ಎಂಬ, ಹತ್ತನೇ ತರಗತಿಯ ನಂತರದ ವೃತ್ತಿಪರ ಶಾಲೆಯ ಮೂಲಕ ಉನ್ನತ ಶಿಕ್ಷಣಕ್ಕೆ ಹೋಗಬಹುದೆಂಬುದು ಅವಳಿಗೂ ಗೊತ್ತಿರಲಿಲ್ಲ, ಮನೆಯವರಿಗೂ ಗೊತ್ತಿರಲಿಲ್ಲ. ಹದಿನಾರರ ಹೊತ್ತಿಗೆ ಸಂಬಳ ಪಡೆಯುತ್ತಲೇ ಕಸುಬು ಕಲಿಯುವ ತರಬೇತಿಯನ್ನು ಹಲವರು ಮನಸಾರೆ ಆರಿಸಿಕೊಳ್ಳುತ್ತಾರೆ. ಅದನ್ನು ಸೋಲೆಂದು ನಾನು ಎಣಿಸುವುದಿಲ್ಲ. ಬೇರೆ ದಾರಿಯಿದೆಯೆಂದೇ ತಿಳಿಯದೆ ಅದಕ್ಕೆ ಸೇರಿದವರ ವಿಷಯದಲ್ಲಿ ಮಾತ್ರ ನಷ್ಟವಾಗಿದೆ.

ನಿಮ್ಮ ಮಗನಿಗೆ ಅನ್ವಯಿಸುವ ಒಂದು ನಿಯಮವನ್ನು ಈಗಲೇ ತಿಳಿದಿರಿ: ಮಾತೃಭಾಷೆ ಜರ್ಮನ್ ಅಲ್ಲದ, ಒಂದನೇ ತರಗತಿಯಿಂದ ಇಲ್ಲಿ ಓದಿರದ ಮಗುವಿಗೆ, ಅಂಕ ಕಡಿಮೆಯಾಗಿರುವುದು ಸರಿಪಡಿಸಬಹುದಾದ ಭಾಷೆಯ ಕೊರತೆಯಿಂದ ಎಂದು ಶಾಲೆ ಒಪ್ಪಿದರೆ, ಸರಾಸರಿ 3.33ರವರೆಗಿದ್ದರೂ ಗಿಮ್ನಾಸಿಯಂಗೆ ಅರ್ಹತೆ ಸಿಗುತ್ತದೆ. ಅರ್ಹತಾಪತ್ರ ಕೈಸೇರುವುದು ಮೇ ತಿಂಗಳ ಆರಂಭದಲ್ಲಿ. ಶಿಕ್ಷಕರೊಂದಿಗೆ ಈ ವಿಷಯವನ್ನು ಅದಕ್ಕೆ ಬಹಳ ಮುಂಚೆಯೇ, ಸಾಧ್ಯವಾದರೆ ನಾಲ್ಕನೇ ತರಗತಿ ಆರಂಭವಾದ ಕೂಡಲೇ, ಮಗನನ್ನೂ ಜೊತೆಗೆ ಕೂರಿಸಿಕೊಂಡು ಮಾತನಾಡಿ.